ಚಂದ್ರಿಕೆ ಮುರಿಯುವ ಸದ್ದು

ಕಾವಲು ತಟ್ಟೆ ಬಂದ ಮೇಲೆ ಜನ ಊಟಕ್ಕೆ ಹೆದರುವುದನ್ನು ಬಿಟ್ಟರು. ನೋಡಲು ಅದು ಮಾಮೂಲಿ ಸ್ಟೀಲ್ ತಟ್ಟೆಯೇ. ಅಂಚಿನಲ್ಲಿ ಉಗುರಗಲದ ಒಂದು ಗುಳಿ ಇರುತ್ತದೆ, ಅಷ್ಟೇ ವ್ಯತ್ಯಾಸ. ತಿನ್ನುವ ಪದಾರ್ಥದ ಒಂದು ಚೂರನ್ನು ಆ ಗುಳಿಗೆ ಹಾಕಿದರೆ ಅದರಲ್ಲಿರುವ ಪ್ರೋಟೀನುಗಳನ್ನು ತಟ್ಟೆ ಗುರುತು ಹಿಡಿಯುತ್ತದೆ. ಒಂದೊಂದು ಪ್ರೋಟೀನಿಗೂ ಬೀಗಕ್ಕೆ ಕೀಲಿಯಂತೆ ಕೂರುವ ಒಂದೊಂದು ಅಣುವನ್ನು ಗುಳಿಯ ತಳಕ್ಕೆ ಲೇಪಿಸಿರುತ್ತಾರೆ. ಮನೆಯವರಿಗೆ ಆಗದ್ದು ಏನಾದರೂ ಸಿಕ್ಕಿತೋ, ಅಂಚು ಕೆಂಪಾಯಿತು, ಇಲ್ಲವಾದರೆ ಹಸಿರು. ಕಡಲೆಕಾಯಿ ಆಗದವರು, ಗೋಧಿ ಆಗದವರು, ಸಿಗಡಿ ತಿಂದರೆ ಗಂಟಲು ಊದಿಕೊಳ್ಳುವವರು ಎಲ್ಲರೂ ಬ್ಯಾಗಿನಲ್ಲಿ ತಟ್ಟೆ ಇಟ್ಟುಕೊಂಡು ಮದುವೆಮನೆಗಳಿಗೆ ಹೋಗತೊಡಗಿದರು. ಬಡಿಸುವವರು ಮೊದಮೊದಲು ಮೂಗು ಮುರಿದರು, ಆಮೇಲೆ ಒಗ್ಗಿಕೊಂಡರು.

ಒಗ್ಗಿಕೊಂಡವರಲ್ಲಿ ತಿಂಡಿ ಕಂಪನಿಗಳೂ ಇದ್ದವು. ಹಿಂದೆಲ್ಲ ತಿಂಡಿಗೆ ಹೊಸದೇನಾದರೂ ಬೆರೆಸಿದರೆ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಈಗ ತಟ್ಟೆಯೇ ಹೇಳುತ್ತದಲ್ಲ, ನಾವೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಅವರೆಲ್ಲ ನಿಶ್ಚಿಂತರಾದರು. ಈ ವಾರ ಒಂದು ಬಗೆ, ಮುಂದಿನ ವಾರ ಇನ್ನೊಂದು ಬಗೆ. ಕೆಂಪು ಬಂದರೆ ಗಿರಾಕಿ ಪಕ್ಕದ ಪೊಟ್ಟಣ ತೆಗೆದುಕೊಳ್ಳುತ್ತಾನೆ. ಅಂಗಡಿಯ ತುಂಬ ಪೊಟ್ಟಣಗಳಿರುವಾಗ ಯಾರಿಗೇನು ಕಷ್ಟ?

ಕಷ್ಟ ಇದ್ದದ್ದು ರಂಗಮ್ಮನಿಗೆ.

ಹೆಸರು ಕೇಳಿ ಎಂಬತ್ತು ದಾಟಿದ ಅಜ್ಜಿ ಎಂದುಕೊಳ್ಳಬೇಡಿ. ಸ್ಮಿತಾ, ಸಾನ್ವಿ ಎಂಬ ಹೆಸರುಗಳೆಲ್ಲ ಅಜ್ಜಿಯರ, ಅಮ್ಮಂದಿರ ಪಾಲಾಗಿ, ತಿಮ್ಮಯ್ಯ, ರಂಗಮ್ಮ ಎಂಬ ಹೆಸರುಗಳು ಮತ್ತೆ ತೊಟ್ಟಿಲಿಗೆ ಬಂದ ಕಾಲ ಅದು. ರಂಗಮ್ಮನಿಗೆ ಐದು ವರ್ಷ. ಆಟಿಸಂ ಇರುವ ಮಗು. ಮಾತು ಬಂದಿರಲಿಲ್ಲ. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಿದ್ದಳು. ಆದರೆ ಫ್ಯಾನಿನ ಕೆಳಗೆ ಅಂಗಾತ ಮಲಗಿ, ಅದರ ಸುಯ್ಯನೆಯ ಸದ್ದು ಕೇಳುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಹಾಲು, ಗೋಧಿ, ಕಡಲೆಕಾಯಿ, ಎಳ್ಳು, ಈ ನಾಲ್ಕೂ ಅವಳ ಮೈಗೆ ಆಗದು. ಹಾಲಂತೂ ತುಟಿಗೆ ಸೋಕಿದರೂ ಸಾಕು, ದದ್ದು ಏಳುತ್ತಿತ್ತು. ಇದಿಷ್ಟೇ ಆಗಿದ್ದರೆ ತಟ್ಟೆ ನೋಡಿಕೊಳ್ಳುತ್ತಿತ್ತು. ಆದರೆ ತಟ್ಟೆ ಹಸಿರು ತೋರಿಸಿದ್ದನ್ನೂ ರಂಗಮ್ಮ ತಿನ್ನುತ್ತಿರಲಿಲ್ಲ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಮುದ್ದೆಯ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಅವಳು ತಿನ್ನುತ್ತಿದ್ದದ್ದು ಚಂದ್ರಿಕೆ. ಮನಸ್ಸು ಬಂದ ದಿನ ಒಂದೆರಡು ಹೋಳು ಸೌತೆಕಾಯಿ. ಮೂರು ಹೊತ್ತೂ ಅದೇ.

ಚಂದ್ರಿಕೆ ಎಂದರೆ ಅಕ್ಕಿಯಿಂದ ಮಾಡಿದ, ಅಂಗೈಯಗಲದ, ಬೆಳ್ಳನೆಯ ಗರಿಗರಿ ಬಿಲ್ಲೆ. ಮಕ್ಕಳಿಗೆಂದೇ ಅದರಲ್ಲಿ ಬೇಳೆಯ ಸತ್ವ, ಜೀವಸತ್ವ, ಕಬ್ಬಿಣ ಎಲ್ಲ ಸೇರಿಸಿರುತ್ತಿದ್ದರು. ಅದರ ಪುಣ್ಯದಿಂದಲೇ ಮಗು ಬೆಳೆದಿತ್ತು. ಬೇರೆ ಮಕ್ಕಳು ಹಟಕ್ಕೆ ಬಿದ್ದರೂ ಹಸಿವಾದಾಗ ತಿನ್ನುತ್ತಾರೆ. ರಂಗಮ್ಮನಂಥವರಲ್ಲಿ ಕೆಲವರು ಹಸಿದಿದ್ದರೂ ತಿನ್ನುವುದಿಲ್ಲ; ಅದು ಹಟವಲ್ಲ, ಅಪರಿಚಿತ ತಿಂಡಿ ಅವರಿಗೆ ತಿಂಡಿಯೇ ಅಲ್ಲ. ಹಿಂದಿನ ವರ್ಷ ಜ್ವರ ಬಂದು ಚಂದ್ರಿಕೆಯನ್ನೂ ಬಿಟ್ಟಾಗ ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಬೇಕಾಯಿತು. ಅವಳು ಅದನ್ನು ಕಿತ್ತು ಹಾಕಿದಳು. ಮತ್ತೆ ಇಳಿಸಿ, ಕಿತ್ತುಕೊಳ್ಳದಂತೆ ಎರಡೂ ಕೈಗೆ ಬಟ್ಟೆ ಸುತ್ತಿದರು. ಆ ಬಟ್ಟೆ ಸುತ್ತಿದ ಕೈಗಳನ್ನು ಅವಳ ತಾಯಿ ಸಾನ್ವಿ ಇವತ್ತಿಗೂ ಮರೆತಿರಲಿಲ್ಲ.

ಸಾನ್ವಿ ಕೆಲಸ ಮಾಡುತ್ತಿದ್ದದ್ದು ಎಲ್ಲಿ ಎನ್ನುತ್ತೀರಿ? ಈ ಕಾವಲು ತಟ್ಟೆ ತಯಾರಿಸುವ ಕಂಪನಿಯ ತುಮಕೂರಿನ ಪ್ರಯೋಗಾಲಯದಲ್ಲೇ. ಹೊಸ ತಟ್ಟೆಗಳ ಕಣ್ಣು ಸರಿಯಿದೆಯೇ ಎಂದು ಪರೀಕ್ಷಿಸುವ ಎಂಜಿನಿಯರ್ ಅವಳು. "ತಟ್ಟೆ ಹೇಳುತ್ತೆ, ನೀವು ಆರಿಸಿಕೊಳ್ಳಿ" ಎಂಬ ಕಂಪನಿಯ ಘೋಷಣೆ ಅವಳ ಮೇಜಿನ ಎದುರಿನ ಗೋಡೆಯ ಮೇಲೇ ಇತ್ತು.

ಒಂದು ಸೋಮವಾರ ಬೆಳಿಗ್ಗೆ ಅವಳು ಮನೆಯಲ್ಲಿ ಚಂದ್ರಿಕೆಯ ಹೊಸ ಪೊಟ್ಟಣ ಒಡೆದು, ಅಭ್ಯಾಸಬಲದಿಂದ ಒಂದು ಚೂರನ್ನು ಗುಳಿಗೆ ಹಾಕಿದಳು. ಅಂಚು ಕೆಂಪಾಯಿತು. ಗುಳಿ ಒರೆಸಿ ಮತ್ತೆ ಹಾಕಿದಳು. ಮತ್ತೆ ಕೆಂಪು, ಅಂಚಿನ ಮೇಲೆ ಮೂಡಿದ ಅಕ್ಷರ: ಹಾಲು.

ಚಂದ್ರಿಕೆಯ ಕಾರ್ಖಾನೆಗೆ ಫೋನ್ ಮಾಡಿದರೆ ಒಬ್ಬ ಹುಡುಗಿ ಬಲು ನಯವಾಗಿ ಮಾತಾಡಿದಳು.

"ಹೌದು ಮೇಡಂ, ಈಗ ಹಾಲಿನ ಪ್ರೋಟೀನ್ ಸೇರಿಸಿದೀವಿ. ಮಕ್ಕಳಿಗೆ ಇನ್ನೂ ಶಕ್ತಿ ಬರ್ಲಿ ಅಂತ."

"ನನ್ನ ಮಗಳಿಗೆ ಹಾಲು ಆಗಲ್ಲ. ಅವಳು ಬೇರೆ ಏನೂ ತಿನ್ನಲ್ಲ. ಹಳೇ ತರದ್ದು ಸ್ವಲ್ಪನಾದ್ರೂ ಸಿಗುತ್ತಾ?"

"ಇಲ್ಲ ಮೇಡಂ, ಹಳೇ ಯಂತ್ರಾನೇ ತೆಗೆದು ಹಾಕಿದೀವಿ. ನಿಮ್ಮನೇಲಿ ಕಾವಲು ತಟ್ಟೆ ಇದೆಯಲ್ವಾ? ಬೇರೆ ಯಾವುದಾದ್ರೂ ತಿಂಡಿ ಆರಿಸಿಕೊಳ್ಳಿ."

ತನ್ನ ಕಂಪನಿಯ ಮಾತನ್ನೇ ತನ್ನ ಮುಖಕ್ಕೆ ಹೊಡೆದಂತಾಯಿತು. ಸಾನ್ವಿ ಫೋನಿಟ್ಟು ಕಪಾಟು ತೆಗೆದು ನೋಡಿದಳು. ಹಳೆಯ ಪೊಟ್ಟಣಗಳು ಕೆಲವೇ ಉಳಿದಿದ್ದವು. ಗಂಡ ಗಗನ್ ಬ್ಯಾಟರಿ ಬಸ್ಸುಗಳ ಡಿಪೋದಲ್ಲಿ ಕೆಲಸಕ್ಕಿದ್ದ. ಅವನು ಅಂದೇ ರಜೆ ಹಾಕಿ ಊರೂರು ಅಂಗಡಿ ಸುತ್ತಿ, ಗುಬ್ಬಿಯಿಂದ ತಿಪಟೂರಿನವರೆಗೆ ಹುಡುಕಿ, ಧೂಳು ಹಿಡಿದ ಒಂದಿಷ್ಟು ಹಳೆಯ ಪೊಟ್ಟಣ ತಂದ. ಬಾಗಿಲಲ್ಲಿ ನಿಂತು ಅವನ್ನು ಎತ್ತಿ ತೋರಿಸುವಾಗ ಅವನ ಮುಖದಲ್ಲಿದ್ದ ಹೆಮ್ಮೆ ನೋಡಿ ಸಾನ್ವಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮಕ್ಕಳ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇರೋದನ್ನ ಸ್ವಲ್ಪ ಸ್ವಲ್ಪವಾಗಿ ಕೊಡ್ತಾ ಇರಿ. ಅಷ್ಟರಲ್ಲಿ ಬೇರೆ ಯಾವುದಾದ್ರೂ ಒಂದನ್ನ ಒಪ್ಪಿಕೊಳ್ಳಬೇಕು. ತೂಕ ಇನ್ನೂ ಇಳಿದ್ರೆ ನಳಿಕೆ ಹಾಕದೆ ಬೇರೆ ದಾರಿ ಇಲ್ಲಮ್ಮ," ಎಂದರು.

ಪ್ರಯೋಗಾಲಯದಲ್ಲಿ ಸಾನ್ವಿಯ ಮುಖ್ಯಸ್ಥೆ ಜೊಹರಾ ಮೇಡಂ. ಆಹಾರ ವಿಜ್ಞಾನದಲ್ಲಿ ಕೂದಲು ನರೆಸಿಕೊಂಡವರು. ಸಿಟ್ಟು ಬೇಗ, ಕರುಣೆ ಅದಕ್ಕಿಂತ ಬೇಗ. ವಿಷಯ ಕೇಳಿ ಹಳೆಯ ಚಂದ್ರಿಕೆಯೊಂದನ್ನು ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದರು.

"ಇದೇನು ಬ್ರಹ್ಮವಿದ್ಯೆನಾ? ಅಕ್ಕಿ, ಉಪ್ಪು, ಬೇಳೆ ಸತ್ವ. ನಾವೇ ಮಾಡೋಣ."

ಮಾಡಿದರು. ಬಣ್ಣ ಅಳೆಯುವ ಯಂತ್ರ ಒಂದೇ ಎಂದಿತು. ವಾಸನೆ ಅಳೆಯುವ ಯಂತ್ರ ಒಂದೇ ಎಂದಿತು. ಉಪ್ಪು, ಸಿಹಿ, ದಪ್ಪ, ಅಗಲ ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ಸಾನ್ವಿ ಅದನ್ನು ಮಗುವನ್ನೇ ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಮನೆಗೆ ತಂದಳು. ರಂಗಮ್ಮ ಕೈಗೆ ತೆಗೆದುಕೊಂಡಳು, ಮುರಿದಳು, ಎಸೆದಳು.

ಎರಡನೆಯ ಸಲ ಬೇರೆ ಅಕ್ಕಿಯಲ್ಲಿ ಮಾಡಿದರು. ಮುರಿದಳು, ಎಸೆದಳು. ಪೊಟ್ಟಣ ಬೇರೆಯಾಯಿತೇನೋ ಎಂದು ಗಗನ್ ಹಳೆಯ ಪೊಟ್ಟಣದೊಳಗೆ ಹೊಸದನ್ನು ತುಂಬಿ, ಅಂಚನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ, ಅವಳೆದುರೇ ಹರಿದು ಕೊಟ್ಟ. ಮುರಿದಳು, ಎಸೆದಳು. ಈ ಸಲ ಅವನ ಮುಖಕ್ಕೇ ಎಸೆದಳು.

ಮನೆಯಲ್ಲಿ ಇನ್ನೊಬ್ಬರಿದ್ದರು, ಅತ್ತೆ ಸ್ಮಿತಾ. ಹಿಂದಿನ ಕಾಲದ ಅತ್ತೆಯರಂತೆ ಇವರಿಗೆ ಅಡುಗೆ ಕರತಲಾಮಲಕವಾಗಿತ್ತು ಎಂದೇನೂ ಭಾವಿಸಬೇಡಿ. ಪ್ರಾಯದಲ್ಲಿ ಬಾಗಿಲಿಗೆ ತರಿಸಿಕೊಂಡು ತಿಂದ ಪೀಳಿಗೆ. ಅಡುಗೆ ಕಲಿತಿದ್ದೇ ನಿವೃತ್ತಿಯಾದ ಮೇಲೆ, ಹಳೆಯ ವಿಡಿಯೋಗಳನ್ನು ನೋಡಿ. ಆದರೆ ಮೊಮ್ಮಗಳ ಮೇಲೆ ಜೀವ. ಹೊಸ ಬಿಲ್ಲೆ ನೆಲಕ್ಕೆ ಬಿದ್ದಾಗಲೆಲ್ಲ ತಮ್ಮ ಎದೆಯ ಮೇಲೇ ಬಿದ್ದಂತೆ "ಅಯ್ಯೋ ಕಂದಾ" ಎನ್ನುತ್ತಿದ್ದರು.

ರಂಗಮ್ಮನ ಕೆನ್ನೆ ಇಳಿಯತೊಡಗಿತು. ಹಳೆಯ ಪೊಟ್ಟಣಗಳೂ ಕರಗುತ್ತ ಬಂದವು.

ಒಂದು ಮಧ್ಯಾಹ್ನ ಸಾನ್ವಿ ಕೈಚೆಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಹಜಾರದಲ್ಲಿ ರಂಗಮ್ಮ ಹಳೆಯ ಚಂದ್ರಿಕೆ ತಿನ್ನುತ್ತಿದ್ದಳು. ಒತ್ತಾಯ ಮಾಡದೆ, ಮಾತಾಡಿಸದೆ, ಸುಮ್ಮನೆ ಮಗಳನ್ನು ನೋಡಿ ಎಷ್ಟು ದಿನವಾಗಿತ್ತೋ ಏನೋ. ಮಗು ಬಿಲ್ಲೆಯನ್ನು ಎಡಗಿವಿಯ ಹತ್ತಿರ ಒಯ್ದು ಮುರಿಯಿತು. ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಬಾಯಿಗೆ ಹಾಕಿಕೊಂಡಿತು. ಇನ್ನೊಂದು ತೆಗೆದುಕೊಂಡಿತು. ಮತ್ತೆ ಕಿವಿಯ ಹತ್ತಿರ, ಮತ್ತೆ ಮುರಿತ, ಮತ್ತೆ ಆ ಗಳಿಗೆ.

ಕಿವಿಯ ಹತ್ತಿರ ಮುರಿಯುವುದು ಹೊಸದಲ್ಲ. ಎರಡು ವರ್ಷದಿಂದ ಎಲ್ಲರೂ ನೋಡುತ್ತಿದ್ದರು, ಅದೊಂದು ಅಭ್ಯಾಸ, ಇರಲಿ ಬಿಡಿ ಎಂದುಕೊಂಡಿದ್ದರು. ತಾನು ದಿನವಿಡೀ ಚೂರು ಗುಳಿಗೆ ಹಾಕಿ ಅಂಚಿನ ಬಣ್ಣ ಕಾಯುವವಳು. ಈ ಮಗುವೂ ಅದನ್ನೇ ಮಾಡುತ್ತಿತ್ತಲ್ಲ! ತಿನ್ನುವ ಮುಂಚೆ ಪರೀಕ್ಷೆ ಮಾಡುತ್ತಿತ್ತು. ಬಣ್ಣ, ವಾಸನೆ, ರುಚಿ ಎಲ್ಲ ಅಳೆದು ತಂದುಕೊಟ್ಟ ತಾಯಿ ಆ ಸದ್ದೊಂದನ್ನು ಅಳೆದಿರಲಿಲ್ಲ. ಸಾನ್ವಿ ಎದ್ದು ನಿಂತಳು.

"ಅತ್ತೆ! ಅವಳು ಕೇಳ್ತಾ ಇದಾಳೆ!"

"ಏನು ಕೇಳ್ತಾ ಇದಾಳೆ? ನೀರು ಬೇಕಂತಾ?" ಎಂದು ಸ್ಮಿತಾ ಲೋಟ ಹಿಡಿದು ಬಂದರು.

ಮರುದಿನ ಜೊಹರಾ ಮೇಡಂ ಹೇಳಿದ್ದು ಹೀಗೆ: ಗರಿಗರಿ ಎಂದರೆ ಅರ್ಧ ನಾಲಿಗೆಯ ಮಾತು, ಅರ್ಧ ಕಿವಿಯ ಮಾತು. ಬಿಲ್ಲೆಯೊಳಗೆ ಸಾವಿರಾರು ಗಾಳಿಗುಳ್ಳೆಗಳಿರುತ್ತವೆ. ಮುರಿದಾಗ ಒಂದೊಂದು ಗುಳ್ಳೆಯ ಗೋಡೆಯೂ ಒಡೆದು ಚಿಟಿಕೆಯಷ್ಟು ಸದ್ದು ಮಾಡುತ್ತದೆ. ಗೋಡೆ ತೆಳುವಾಗಿದ್ದರೆ ಸಣ್ಣ ಸದ್ದುಗಳು ಒಂದರ ಹಿಂದೊಂದು ಸುರಿಯುತ್ತವೆ. ದಪ್ಪವಾಗಿದ್ದರೆ ಒಂದೇ ಸಲ ಟಪ್ಪೆಂದು ಮುಗಿಯುತ್ತದೆ. ನಮ್ಮಂಥವರ ಕಿವಿಗೆ ಎರಡೂ ಒಂದೇ. ರಂಗಮ್ಮನ ಕಿವಿಗೆ ಅವು ಬೇರೆ ಬೇರೆ ತಿಂಡಿಗಳು.

ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಮೈಕು ಇತ್ತು. ಆದರೆ ಅಲ್ಲಿ ಮುರಿಯುವ ಒಂದೊಂದು ಹಳೆಯ ಚಂದ್ರಿಕೆಯೂ ಮಗುವಿನ ಬಾಯಿಂದ ಕಿತ್ತುಕೊಂಡದ್ದೇ ಆಗುತ್ತಿತ್ತು. ಹಾಗಾಗಿ ಮೈಕನ್ನೇ ಮನೆಗೆ ತಂದು, ರಂಗಮ್ಮ ಕೂರುವ ಕುರ್ಚಿಯ ಬೆನ್ನಿಗೆ ಕಟ್ಟಿದರು. ಅವಳು ಮುರಿದು ತಿಂದಳು, ಮೈಕು ಕೇಳಿಸಿಕೊಂಡಿತು. ಪರದೆಯ ಮೇಲೆ ಹಳೆಯ ಚಂದ್ರಿಕೆಯ ಸದ್ದು ಎಳೆಹುಲ್ಲಿನ ಹಾಸಿನಂತೆ ಒತ್ತೊತ್ತಾಗಿ ಎದ್ದು ನಿಂತಿತ್ತು. ಇವರು ಮಾಡಿದ ನಕಲುಗಳ ಸದ್ದು ಅಲ್ಲಲ್ಲಿ ನೆಟ್ಟ ಗೂಟಗಳಂತಿತ್ತು.

"ನನ್ನ ಯಂತ್ರಗಳು ಪಾಸ್ ಮಾಡಿದ್ದನ್ನ ಐದು ವರ್ಷದ ಹುಡುಗಿ ಫೇಲ್ ಮಾಡಿದಾಳೆ. ನನಗೆ ಖುಷಿ ಆಗ್ತಿದೆ ಸಾನ್ವಿ, ಯಾಕೋ ಗೊತ್ತಿಲ್ಲ," ಎಂದರು ಜೊಹರಾ.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಹಿಟ್ಟನ್ನು ತೆಳ್ಳಗೆ ಮಾಡಿದರು, ಗಟ್ಟಿ ಮಾಡಿದರು, ಒಲೆಯ ಶಾಖ ಏರಿಸಿದರು, ಇಳಿಸಿದರು. ಗೂಟಗಳು ಹುಲ್ಲಾಗಲಿಲ್ಲ. ಕಂಪನಿಯ ಮೇಲಿನವರಲ್ಲಿ ಒಬ್ಬ ವ್ಯವಸ್ಥಾಪಕರು ಬಂದು, ಒಂದು ಮಗುವಿಗಾಗಿ ಪ್ರಯೋಗಾಲಯದ ಯಂತ್ರಗಳನ್ನು ಇಷ್ಟು ದಿನ ಬಳಸುವುದು ಸರಿಯೇ ಎಂದು ಕೇಳಿದರು. "ಇದು ತಟ್ಟೆ ಕಾಣದೆ ಬಿಟ್ಟದ್ದನ್ನು ಹುಡುಕುವ ಕೆಲಸ, ನಮ್ಮದೇ ಕೆಲಸ," ಎಂದು ಜೊಹರಾ ಮೇಡಂ ಕನ್ನಡಕದ ಮೇಲಿಂದ ನೋಡಿದ ನೋಟಕ್ಕೆ ಅವರು ಬಂದ ದಾರಿಯಲ್ಲೇ ಹೋದರು.

ಇತ್ತ ಸ್ಮಿತಾ ಸುಮ್ಮನೆ ಕೂತಿರಲಿಲ್ಲ. ಸೊಸೆ ಮನೆಯಲ್ಲೂ ಬಿಲ್ಲೆಗಳನ್ನು ಕಿವಿಯ ಹತ್ತಿರ ಮುರಿಯುವುದನ್ನು ನೋಡಿ ಅವರಿಗೆ ಚಿಕ್ಕಂದಿನಲ್ಲಿ ತಿಂದ ಅಕ್ಕಿ ಸಂಡಿಗೆ ನೆನಪಾಯಿತು. ಒಂದು ಹಳೆಯ ವಿಡಿಯೋ ಹುಡುಕಿದರು. ಅಕ್ಕಿಹಿಟ್ಟು ಬೇಯಿಸಿ, ಉಪ್ಪು ಹಾಕಿ, ಮಹಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ದುಂಡಗೆ ಹುಯ್ದು ಒಣಗಿಸಿದರು. ಯಾರಿಗೂ ಹೇಳಲಿಲ್ಲ. ಮಗು ಒಪ್ಪಿದರೆ ಸರಿ, ಇಲ್ಲದಿದ್ದರೆ ನಾನೇ ತಿಂದು ಮುಗಿಸುತ್ತೇನೆ ಎಂದುಕೊಂಡಿದ್ದರು.

ಭಾನುವಾರ ಸಾನ್ವಿ ಸ್ನಾನ ಮುಗಿಸಿ ಹೊರಗೆ ಬರುವಾಗ ಎಣ್ಣೆಯಲ್ಲಿ ಏನೋ ಅರಳುವ ಸದ್ದು ಕೇಳಿಸಿತು. ಹಜಾರದಲ್ಲಿ ರಂಗಮ್ಮ ನಿಂತಿದ್ದಳು. ಅವಳ ಕೈಯಲ್ಲಿ ಬೆಳ್ಳನೆಯ ದುಂಡು ಸಂಡಿಗೆ ಇತ್ತು. ಕಿವಿಯ ಹತ್ತಿರ ಒಯ್ದು ಮುರಿದಳು.

ಎಸೆಯಲಿಲ್ಲ. ಕಣ್ಣು ಅರಳಿದವು. ಎರಡನೆಯ ಸಲ ಮುರಿದಳು, ಮೂರನೆಯ ಸಲ ಮುರಿದಳು, ತುದಿಗಾಲಲ್ಲಿ ಕುಣಿದಳು. ಫ್ಯಾನಿನ ಕೆಳಗೆ ನಗುವ ಅದೇ ನಗು ಮುಖದ ತುಂಬ ಹರಡಿತು. ಸ್ಮಿತಾ ಸೌಟು ಹಿಡಿದೇ ಅಳುತ್ತಿದ್ದರು.

"ನೋಡೇ ಸಾನ್ವಿ, ಒಪ್ಪಿಬಿಟ್ಟಳು ನನ್ನ ಬಂಗಾರ! ಬರೀ ಅಕ್ಕಿ, ಉಪ್ಪು. ಮತ್ತೇನಿಲ್ಲ!"

ಸಾನ್ವಿಗೆ ಓಡಿಹೋಗಿ ಅತ್ತೆಯನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಕೈ ತಾನಾಗಿ ಬಾಣಲೆಯ ಪಕ್ಕದಲ್ಲಿದ್ದ ಒಂದು ಚೂರನ್ನು ತೆಗೆದು ತಟ್ಟೆಯ ಗುಳಿಗೆ ಹಾಕಿತು. ಅಂಚು ಕೆಂಪಾಯಿತು.

ಒಂದೇ ನೆಗೆತಕ್ಕೆ ಹಜಾರ ದಾಟಿ, ಬಾಯಿಯ ಹತ್ತಿರ ಹೋಗಿದ್ದ ಸಂಡಿಗೆಯನ್ನು ಕಿತ್ತುಕೊಂಡಳು. ರಂಗಮ್ಮ ಕಿರುಚಿದ ಕಿರುಚಾಟಕ್ಕೆ ಎದುರುಮನೆಯವರು ಬಾಗಿಲು ತೆಗೆದರು. ಚೂರೊಂದು ತುಟಿಗೆ ಅಂಟಿತ್ತು. ಸಾನ್ವಿ ಬಟ್ಟೆ ಒದ್ದೆ ಮಾಡಿ ಒರೆಸುವಷ್ಟರಲ್ಲೇ ತುಟಿ ಊದಿಕೊಂಡು ಗಲ್ಲದ ಮೇಲೆ ದದ್ದು ಎದ್ದವು. ಗಗನ್ ಔಷಧಿ ಕುಡಿಸಿದ, ಉಸಿರು ಕಟ್ಟಿದರೆ ಚುಚ್ಚಲೆಂದು ಇಟ್ಟಿದ್ದ ಚುಚ್ಚುಮದ್ದಿನ ಪೆನ್ನನ್ನು ಕೈಯಲ್ಲೇ ಹಿಡಿದು ಪಕ್ಕದಲ್ಲಿ ಕೂತ. ಉಸಿರಾಟಕ್ಕೇನೂ ಆಗಲಿಲ್ಲ. ಊತ ಇಳಿಯುವವರೆಗೆ ಮನೆಯಲ್ಲಿ ಯಾರೂ ಅಲುಗಾಡಲಿಲ್ಲ.

"ಏನ್ ಹಾಕಿದ್ರಿ ಅತ್ತೆ ಅದಕ್ಕೆ?" ಸಾನ್ವಿಯ ದನಿ ಅವಳಿಗೇ ಗುರುತು ಸಿಗದಂತಿತ್ತು.

"ಏನೂ ಇಲ್ಲ ಕಣೆ. ಹಿಟ್ಟು ಕಲಸೋಕೆ ಒಂದಿಷ್ಟು ಹುಳಿ ಮಜ್ಜಿಗೆ, ಅಷ್ಟೇ."

"ಮಜ್ಜಿಗೆ! ಅವಳಿಗೆ ಹಾಲು ಆಗಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಹಾಲೆಲ್ಲಿ ಹಾಕಿದೆ? ಕಡೆದು ಬೆಣ್ಣೆ ತೆಗೆದ ಮೇಲೆ ಮಜ್ಜಿಗೇಲಿ ಏನಿರುತ್ತೆ, ನೀರು ತಾನೆ? ಬಿಸಿಲಲ್ಲಿ ಬಂದೋರಿಗೆ, ಹೊಟ್ಟೆ ಕೆಟ್ಟೋರಿಗೆ, ಎಲ್ಲರಿಗೂ ಅದನ್ನೇ ಕೊಡ್ತೀವಲ್ಲೇ..." ಹೇಳುತ್ತ ಹೇಳುತ್ತಲೇ ಸ್ಮಿತಾರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತರು.

ಅವರ ತಪ್ಪು ಅವರೊಬ್ಬರದಲ್ಲ. ನಮ್ಮ ಕಡೆ ಮಜ್ಜಿಗೆಯನ್ನು ಯಾರು ಹಾಲಿನ ಲೆಕ್ಕಕ್ಕೆ ಸೇರಿಸುತ್ತಾರೆ? ಅದು ತಂಪು, ಅದು ಪಥ್ಯ, ಊಟದ ಕೊನೆಗೆ ಕೈತೊಳೆಯುವ ಮುಂಚಿನ ಒಂದು ಗುಟುಕು. ಬೆಣ್ಣೆ ಹೋದರೂ ಹಾಲಿನ ಪ್ರೋಟೀನು ಅದರಲ್ಲೇ ಉಳಿದಿರುತ್ತದೆ ಎಂದು ತಟ್ಟೆಗೆ ಗೊತ್ತು, ಮನೆಗೆ ಗೊತ್ತಿಲ್ಲ. ಸಾನ್ವಿಗೆ ಕೋಪ ಬಂದಿತ್ತು ನಿಜ. ಆದರೆ ಮಗು ನಿದ್ದೆಹೋದ ಮೇಲೆ ಆ ಕೋಪದ ಅಡಿಯಿಂದ ಇನ್ನೇನೋ ಮೇಲೇಳತೊಡಗಿತು. ಎಷ್ಟೋ ದಿನಗಳ ಮೇಲೆ ಮಗಳು ಒಂದು ಹೊಸ ತಿಂಡಿಗೆ ಹೂಂ ಎಂದಿದ್ದಳು.

ಅವಳು ಅತ್ತೆಯ ಪಕ್ಕದಲ್ಲಿ ಹೋಗಿ ಕೂತಳು.

"ಅತ್ತೆ, ಆ ಸಂಡಿಗೆ ಇನ್ನೂ ಉಳಿದಿದೆಯಾ?"

"ಎಲ್ಲಾ ತಿಪ್ಪೆಗೆ ಎಸೀತೀನಿ ಕಣೆ. ಇನ್ಮೇಲೆ ಒಲೆ ಹತ್ರಾನೂ ಹೋಗಲ್ಲ."

"ಒಂದನ್ನೂ ಎಸೀಬೇಡಿ. ಡಬ್ಬಿಗೆ ಹಾಕಿ, ಅದರ ಮೇಲೆ ಹಾಲು ಅಂತ ದೊಡ್ಡದಾಗಿ ಬರೀರಿ. ನಾಳೆ ನೀವೂ ನನ್ನ ಜೊತೆ ಬರ್ತಿದೀರಿ."

ಸ್ಮಿತಾ ಬಿಳಿ ಕೋಟು, ತಲೆಗೆ ಟೋಪಿ ಹಾಕಿಕೊಂಡು ಪ್ರಯೋಗಾಲಯದೊಳಗೆ ಕಾಲಿಟ್ಟಾಗ ಮದುವೆಮನೆಯಲ್ಲಿ ಅಪರಿಚಿತರ ಪಂಕ್ತಿಗೆ ಕೂತವರಂತೆ ಮುದುಡಿಕೊಂಡಿದ್ದರು. ಜೊಹರಾ ಮೇಡಂ ಸಂಡಿಗೆಯನ್ನು ಮೈಕಿನ ಎದುರು ಮುರಿದರು. ಪರದೆಯ ಮೇಲೆ ಹುಲ್ಲು ಎದ್ದು ನಿಂತಿತು, ಒತ್ತೊತ್ತಾಗಿ, ಹಳೆಯ ಚಂದ್ರಿಕೆಯ ಹಾಗೆಯೇ.

"ಮಜ್ಜಿಗೆ ಯಾಕೆ ಹಾಕಿದ್ರಿ ಅಮ್ಮಾ?" ಎಂದು ಜೊಹರಾ ಮೆಲ್ಲಗೆ ಕೇಳಿದರು.

"ನನಗೇನು ಗೊತ್ತು ತಾಯಿ. ವಿಡಿಯೋದಲ್ಲಿ ಹಾಕಿದ್ರು, ನಾನೂ ಹಾಕಿದೆ."

ಈ ಉತ್ತರಕ್ಕೆ ಜೊಹರಾ ಮೇಡಂ ಜೋರಾಗಿ ನಕ್ಕರು, ಅದರಿಂದ ಸ್ಮಿತಾರ ಬಿಗಿ ಸ್ವಲ್ಪ ಸಡಿಲವಾಯಿತು. ಉತ್ತರವನ್ನು ಸಾನ್ವಿಯೇ ಹುಡುಕಿದಳು. ಕೆಲಸ ಮಾಡಿದ್ದು ಹಾಲಲ್ಲ, ಹುಳಿ. ಹುಳಿ ಅಕ್ಕಿಯ ಪಿಷ್ಟದ ಉದ್ದನೆಯ ಸರಪಣಿಗಳನ್ನು ತುಂಡರಿಸುತ್ತದೆ. ತುಂಡಾದ ಪಿಷ್ಟ ಉಬ್ಬಿದಾಗ ಗುಳ್ಳೆಯ ಗೋಡೆ ತೆಳ್ಳಗಾಗುತ್ತದೆ. ಚಂದ್ರಿಕೆಯ ಕಾರ್ಖಾನೆಯಲ್ಲಿ ಹಿಂದೆ ಅಕ್ಕಿಯನ್ನು ಹುಳಿ ಬರುವಷ್ಟು ನೆನೆಸುತ್ತಿದ್ದಿರಬೇಕು. ಹಾಗಾದರೆ ಬೇಕಾದ್ದು ಹಾಲಿಲ್ಲದ ಹುಳಿ. ನಿಂಬೆ ಹಿಂಡಿ ನೋಡಿದರು. ಅದರ ಹುಳಿ ಒಮ್ಮೆಲೇ ಬಂದು ಕೂತಿತೇ ಹೊರತು ಪಿಷ್ಟದೊಳಗೆ ನಿಧಾನಕ್ಕೆ ಇಳಿಯಲಿಲ್ಲ. ಪರದೆಯ ಮೇಲೆ ಮತ್ತೆ ಗೂಟಗಳು. ಹುಣಸೆ ಹಾಕಿದರೆ ಬಣ್ಣ ಕೆಡುತ್ತಿತ್ತು.

"ಮಜ್ಜಿಗೆಯನ್ನ ಹುಳಿ ಮಾಡೋ ಸೂಕ್ಷ್ಮಜೀವಿಗಳಿಗೆ ಹಾಲೇ ಬೇಕಾ ಮೇಡಂ?" ಎಂದು ಸಾನ್ವಿ ಕೇಳಿದಳು.

ಜೊಹರಾ ಮೇಡಂ ಹಣೆ ಹಣೆ ಬಡಿದುಕೊಂಡರು.

"ಇಡ್ಲಿ ಹಿಟ್ಟಿಗೆ ಯಾರಾದ್ರೂ ಹಾಲು ಹಾಕ್ತಾರಾ ಸಾನ್ವಿ? ದಿನಾ ಬೆಳಿಗ್ಗೆ ಇಡ್ಲಿ ತಿಂದು ಬಂದು ಇಲ್ಲಿ ಮೂರು ಜನ ತಲೆ ಕೆರ್ಕೋತಾ ಇದೀವಿ!"

ಮೂವರೂ ನಕ್ಕ ನಗುವಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಅಕ್ಕಿ ನೆನೆಸಿ, ರುಬ್ಬಿ, ತನ್ನಷ್ಟಕ್ಕೆ ಹುದುಗಲು ಬಿಟ್ಟರು. ಹುಳಿ ಕಡಿಮೆಯಾದರೆ ಸದ್ದು ಮಂದ, ಹೆಚ್ಚಾದರೆ ಬಿಲ್ಲೆ ಕೈಯಲ್ಲೇ ಪುಡಿ. ಹುಳಿ ಹದಕ್ಕೆ ಬಂದ ಮೇಲೆ ಹೆಸರುಬೇಳೆಯ ಸತ್ವ ಸೇರಿಸಿದರು; ಸದ್ದು ಕೆಟ್ಟಿತು. ಬೇಳೆಯನ್ನು ಇನ್ನಷ್ಟು ನುಣ್ಣಗೆ ಮಾಡಿ ಸ್ವಲ್ಪ ಸ್ವಲ್ಪವೇ ಸೇರಿಸಿದರು, ಸದ್ದು ಮರಳಿತು. ಸ್ಮಿತಾ ಒಂದೊಂದು ಪಾತ್ರೆ, ಒಂದೊಂದು ಚಮಚ, ಕೊನೆಗೆ ನಲ್ಲಿಯ ನೀರನ್ನೂ ತಟ್ಟೆಯ ಗುಳಿಗೆ ಹಾಕಿ ಹಸಿರು ಕಂಡ ಮೇಲೆಯೇ ಮುಟ್ಟುತ್ತಿದ್ದರು. ಯಾರಾದರೂ ಅವಸರ ಮಾಡಿದರೆ, "ನೀವು ಸುಮ್ನಿರಿ, ಒಂದ್ಸಲ ಆಗಿದ್ದು ಸಾಕು," ಎನ್ನುತ್ತಿದ್ದರು. ಹೊಸ ಬಿಲ್ಲೆಯ ಸದ್ದು ಹಳೆಯದರ ಮೇಲೆ ಗೆರೆ ತಪ್ಪದೆ ಕೂತ ದಿನ ಮನೆಯ ಕಪಾಟಿನಲ್ಲಿ ಹಳೆಯ ಚಂದ್ರಿಕೆ ತಳ ಕಂಡಿತ್ತು. ಮರುದಿನ ಆಸ್ಪತ್ರೆಗೆ ಹೋಗಬೇಕಿತ್ತು.

ಅಂದು ಸಂಜೆ ಯಾರೂ ಮಗುವಿನ ಕಡೆ ನೋಡಲಿಲ್ಲ. ನೋಡದ ಹಾಗೆ ನಟಿಸಿದರು ಎನ್ನುವುದೇ ಸರಿ. ಗಗನ್ ಕೈಯಲ್ಲಿದ್ದ ಪುಸ್ತಕ ತಲೆಕೆಳಗಾಗಿತ್ತು. ಸಾನ್ವಿ ಬಿಲ್ಲೆಯನ್ನು ಕುರ್ಚಿಯ ಮುಂದೆ ಇಟ್ಟು ಸರಿದಳು. ರಂಗಮ್ಮ ತೆಗೆದುಕೊಂಡು ಎಡಗಿವಿಗೆ ಒಯ್ದಳು. ಮುರಿದಳು. ಆ ಗಳಿಗೆ ಈ ಸಲ ಬಹಳ ಉದ್ದವಾಗಿತ್ತು.

ಆಮೇಲೆ ಬಾಯಿಂದ ಕರುಮ್ ಎಂಬ ಸದ್ದು ಬಂತು. ಒಂದು ತುಂಡು. ಇನ್ನೊಂದು ತುಂಡು. ಪೂರ್ತಿ ಒಂದು ಬಿಲ್ಲೆ ತಿಂದು ರಂಗಮ್ಮ ಫ್ಯಾನಿನ ಕೆಳಗೆ ಹೋಗಿ ಮಲಗಿಬಿಟ್ಟಳು. ಸ್ಮಿತಾ ದೇವರಮನೆಗೆ ಓಡಿದರು. ಗಗನ್ ಪುಸ್ತಕ ಮುಖಕ್ಕೆ ಮುಚ್ಚಿಕೊಂಡ.

ಡಾಕ್ಟರು ಸಂತೋಷಪಟ್ಟರು, ಆದರೆ ತಲೆದೂಗಲಿಲ್ಲ. "ಒಂದು ಬಿಲ್ಲೆಯಿಂದ ಹೊಟ್ಟೆ ತುಂಬಲ್ಲಮ್ಮ. ಕೊಟ್ಟಾಗ ತಿನ್ನೋದು ಬೇರೆ, ಬೇಕು ಅಂತ ತಿನ್ನೋದು ಬೇರೆ. ಒಂದು ವಾರ ಸಮಯ ಕೊಡ್ತೀನಿ. ತೂಕ ಏರದಿದ್ರೆ ನಳಿಕೆ."

ಆ ವಾರ ಸಾನ್ವಿ ಕೊಟ್ಟಳು, ರಂಗಮ್ಮ ತಿಂದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಅರ್ಧ. ಎರಡನೆಯದನ್ನು ಮುಂದೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಈ ನಡುವೆ ಜೊಹರಾ ಮೇಡಂ ಆ ಸದ್ದಿನ ಚಿತ್ರವನ್ನೂ ಹಿಟ್ಟಿನ ಹದವನ್ನೂ ಯಾರು ಬೇಕಾದರೂ ನೋಡುವಂತೆ ಎಲ್ಲ ಪ್ರಯೋಗಾಲಯಗಳಿಗೂ ಕಳಿಸಿಬಿಟ್ಟಿದ್ದರು. ಕೋಲಾರದಿಂದ ಒಬ್ಬ ತಂದೆ ಫೋನ್ ಮಾಡಿದ. ಅವನ ಮಗ ಒಂದೇ ಬಗೆಯ ಚಕ್ಕುಲಿ ತಿನ್ನುತ್ತಾನಂತೆ, ಅಂಗಡಿಯವರು ಅದಕ್ಕೆ ಅವನ ಮೈಗಾಗದ ಎಳ್ಳು ಹಾಕತೊಡಗಿದ್ದಾರಂತೆ. "ತಿನ್ನೋ ಮುಂಚೆ ಏನ್ ಮಾಡ್ತಾನೆ, ಸ್ವಲ್ಪ ನೋಡಿ," ಎಂದಳು ಸಾನ್ವಿ. ಅವನು ಮರುದಿನ ಮತ್ತೆ ಫೋನ್ ಮಾಡಿದ. "ಮೇಜಿಗೆ ಕುಟ್ಟಿ ನೋಡ್ತಾನೆ ಮೇಡಂ. ನಾವು ದಿನಾ ಬೈತೀವಿ," ಎಂದ. ವ್ಯವಸ್ಥಾಪಕರು ಇನ್ನೊಮ್ಮೆ ಬಂದರು. ಮುಂದಿನ ತಟ್ಟೆಗೆ ಮೈಕು ಜೋಡಿಸಲು ಎಷ್ಟು ಸಮಯ ಬೇಕು ಎಂದು ಕೇಳಿ ಹೋದರು.

ವಾರದ ಕೊನೆಯ ದಿನ ಬೆಳಿಗ್ಗೆ ಸಾನ್ವಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ರಂಗಮ್ಮ ತನ್ನ ಬಿಲ್ಲೆ ತಿಂದು ಮುಗಿಸಿದ್ದಳು. ಆಸ್ಪತ್ರೆಗೆ ಹೊರಡುವ ಹೊತ್ತಾಗುತ್ತಿತ್ತು. ಈ ಮಗು ಹುಟ್ಟಿದಂದಿನಿಂದ ಊಟವೆಂದರೆ ಇವರು ಹಿಂದೆ ಓಡುವುದು, ಅವಳು ಮುಂದೆ ಓಡುವುದು. ಬೇಕು ಎಂದು ಅವಳು ಒಂದು ದಿನವೂ ಬಂದವಳಲ್ಲ.

ಒದ್ದೆ ಕೈಯನ್ನು ಯಾರೋ ಹಿಡಿದು ಎಳೆದಂತಾಯಿತು. ರಂಗಮ್ಮ. ಅಮ್ಮನ ಮುಖ ನೋಡಲಿಲ್ಲ. ಆ ಕೈಯ ತೋರುಬೆರಳನ್ನು ತನ್ನ ಪುಟ್ಟ ಮುಷ್ಟಿಯಲ್ಲಿ ಹಿಡಿದು, ಹಜಾರ ದಾಟಿಸಿ, ಕಪಾಟಿನವರೆಗೆ ಕರೆದುಕೊಂಡು ಹೋದಳು. ಬಾಗಿಲು ತೆಗೆದಳು. ಅಮ್ಮನ ಕೈಯನ್ನು ಎತ್ತಿ ಬಿಲ್ಲೆಗಳ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು. ಸಾನ್ವಿ ಅರ್ಥವಾಗದೆ ನಿಂತಿದ್ದಾಗ, ಇನ್ನೊಮ್ಮೆ ಎತ್ತಿ ಇಟ್ಟಳು, ಈ ಸಲ ಸ್ವಲ್ಪ ಸಿಟ್ಟಿನಿಂದ.

ಸಾನ್ವಿಯ ಕಣ್ಣೀರು ಡಬ್ಬಿಯ ಮೇಲೆ ತೊಟ್ಟಿಕ್ಕಿತು. ಹಿಂದಿನಿಂದ ಸ್ಮಿತಾರ ದನಿ ಗದ್ಗದವಾಗಿ, ಜೋರಾಗಿ ಕೇಳಿಸಿತು.

"ಏನ್ ನೋಡ್ತಾ ನಿಂತಿದೀಯಾ, ಕೊಡೇ! ಮಗು ಇನ್ನೊಂದು ಕೇಳ್ತಾ ಇದೆ!"